ಅನಸ್ತಾಸಿಯಸ್‌ನ ತಲೆಯ ಮೇಲೆ ಎರಡು ತೂತು

"ತೂತು ಐತಂತ ರೊಕ್ಕಾ ಕಡಿಮಿ ಕೊಡ್ತೀರೇನ್ರಿ?"

ಹೋದ ಶ್ರಾವಣದಲ್ಲಿ ಹಾನಗಲ್ ಕಡೆಯ ಒಬ್ಬ ಅಜ್ಜಿ ನನ್ನನ್ನು ಹೀಗೆ ಕೇಳಿದರು. ನಾನು ಹಾವೇರಿಯ ಒಂದು ಬ್ಯಾಂಕಿನಲ್ಲಿ ಬಂಗಾರ ನೋಡುವ ಕೆಲಸ ಮಾಡುತ್ತೇನೆ. ಅಡವಿಡಲು ಬಂದವರ ಒಡವೆ ತೂಗಬೇಕು, ಒರೆಗೆ ಹಚ್ಚಬೇಕು, ಎಷ್ಟು ಕ್ಯಾರೆಟ್ ಅಂತ ಬರೆದು ಸಹಿ ಹಾಕಬೇಕು. ಮನೆ ಹುಬ್ಬಳ್ಳಿಯಲ್ಲಿ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ. ನಮ್ಮದು ಪತ್ತಾರರ ಮನೆತನ. ಅಜ್ಜ, ಅಪ್ಪ ಇಬ್ಬರೂ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತೇ ಬದುಕು ಕಳೆದವರು. ನನ್ನ ಒರೆಗಲ್ಲು ಅಜ್ಜನದು. ನಡುವೆ ಸವೆದು ಸ್ವಲ್ಪ ತಗ್ಗಾಗಿದೆ.

ಅಜ್ಜಿ ತಂದದ್ದು ಪುತಳಿ ಸರ, ಅಂದರೆ ಮೂರ್ತಿ ಅಚ್ಚಾದ ಬಂಗಾರದ ಬಿಲ್ಲೆಗಳ ಸರ. ಕೆಂಪು ರೇಷ್ಮೆ ದಾರ, ಹದಿನೇಳು ಪುತಳಿ. ಮೊಮ್ಮಗನ ಕಾಲೇಜ್ ಫೀ ಕಟ್ಟಬೇಕಿತ್ತು. ಹದಿನಾಲ್ಕು ಪುತಳಿಗಳ ತಲೆಗೆ ಕೊಂಡಿ ಬೆಸೆದಿದ್ದರು. ಉಳಿದ ಮೂರಕ್ಕೆ ಕೊಂಡಿ ಇರಲಿಲ್ಲ. ನಿಂತ ಮೂರ್ತಿಗಳ ತಲೆಯ ಮೇಲೆ, ಅಕ್ಕಪಕ್ಕ, ಎರಡು ಸಣ್ಣ ತೂತು. ದಾರ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದಿತ್ತು. ಅವರು ಕೇಳಿದ್ದು ಆ ಮೂರರ ಬಗ್ಗೆ.

"ಇಲ್ಲವ್ವಾ, ತೂಕಕ್ಕ ರೊಕ್ಕಾ. ತೂತಿಗೆ ಏನೂ ಕಡಿಮಿ ಆಗೂದಿಲ್ಲ" ಅಂದೆ. ಅವರಿಗೆ ಸಮಾಧಾನ ಆಯಿತು. ನನಗೆ ಆಗಲಿಲ್ಲ. ಯಾಕೆಂದರೆ ಆಗಿನ್ನೂ ಒಂದು ತಿಂಗಳಿನಿಂದ ನಾನು ಅಂಥದ್ದೇ ಎರಡು ತೂತುಗಳ ಬಗ್ಗೆ ಓದುತ್ತಾ ಕೂತಿದ್ದೆ. ಆ ತೂತುಗಳು ಇದ್ದದ್ದು ಸಾವಿರದ ಐನೂರು ವರ್ಷ ಹಳೆಯ ರೋಮನ್ ಬಂಗಾರದ ನಾಣ್ಯಗಳಲ್ಲಿ.

ಹಾನಗಲ್ ತಾಲೂಕಿನ ಅಕ್ಕಿಆಲೂರಿನ ಹೆಸರು ನಮ್ಮ ಕಡೆಯವರಿಗೆಲ್ಲ ಗೊತ್ತು. ಭತ್ತದ ಸೀಮೆ. ಆದರೆ ನಾಣ್ಯ ಓದುವವರಿಗೆ ಈ ಊರು ಬೇರೆ ಕಾರಣಕ್ಕೆ ಗೊತ್ತು. ಇಲ್ಲಿ ನಲವತ್ತಕ್ಕೂ ಹೆಚ್ಚು ಬಂಗಾರದ ನಾಣ್ಯಗಳ ಒಂದು ನಿಧಿ ಸಿಕ್ಕಿತ್ತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಹಳೆಯ ಬರಹಗಳಲ್ಲಿ "ಧಾರವಾಡ ಜಿಲ್ಲೆಯ ಅಕ್ಕಿಆಲೂರು" ಅಂತಲೇ ಇರುತ್ತದೆ. ನಾಣ್ಯಗಳು ಕಾನ್‌ಸ್ಟಾಂಟಿನೋಪಲ್‌ನ ರೋಮನ್ ಚಕ್ರವರ್ತಿಗಳವು. ಎರಡನೇ ಥಿಯೋಡೋಸಿಯಸ್‌ನ ಕಾಲದಿಂದ ಒಂದನೇ ಜಸ್ಟಿನ್‌ನ ಕಾಲದವರೆಗೆ, ಅಂದರೆ ಸುಮಾರು ಕ್ರಿ.ಶ. 400ರಿಂದ 527ರ ನಡುವಿನವು. ರೋಮ್ ಪಟ್ಟಣ ಈ ನಡುವೆ ಕೈಬಿಟ್ಟು ಹೋಯಿತು. ಪೂರ್ವದ ರಾಜಧಾನಿ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಆ ಸಾಲಿನಲ್ಲಿ ಜಸ್ಟಿನ್‌ಗಿಂತ ಮೊದಲು ಬರುವವನು ಅನಸ್ತಾಸಿಯಸ್. 491ರಿಂದ 518ರವರೆಗೆ ಆಳಿದವನು. ನನಗೆ ಹಿಡಿಸಿದ ಚಕ್ರವರ್ತಿ ಇವನೇ. ಯಾಕೆ ಅಂತ ಹೇಳಬೇಕಾದರೆ ಮೊದಲು ನಾಣ್ಯ ನೋಡಬೇಕು.

ನಾಣ್ಯದ ಹೆಸರು ಸಾಲಿಡಸ್. ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಶುರು ಮಾಡಿದ್ದು. ಒಂದು ರೋಮನ್ ಪೌಂಡ್ ಬಂಗಾರಕ್ಕೆ 72 ನಾಣ್ಯ. ಒಂದರ ತೂಕ ಸುಮಾರು ನಾಲ್ಕೂವರೆ ಗ್ರಾಂ. ನಾನು ಅಜ್ಜನ ಲೆಕ್ಕಕ್ಕೆ ಇಳಿಸಿ ನೋಡಿದೆ. ತೊಲಕ್ಕೆ 12 ಮಾಸಿ, ಮಾಸಿಗೆ 8 ಗುಂಜಿ. ಆ ಲೆಕ್ಕದಲ್ಲಿ ಒಂದು ಸಾಲಿಡಸ್ ಹೆಚ್ಚುಕಡಿಮೆ 4 ಮಾಸಿ 5 ಗುಂಜಿ ಬೀಳುತ್ತದೆ. ಹೀಗೆ ಬರೆದುಕೊಂಡ ಮೇಲೇ ಆ ನಾಣ್ಯ ನನ್ನ ಅಂಗೈಗೆ ಬಂದಂತೆ ಅನಿಸಿತು.

ಗುಂಜಿ ಅಂದೆನಲ್ಲ, ಅದು ಗುಲಗಂಜಿ ಬೀಜ. ನಮ್ಮಲ್ಲಿ ಗುಲಗಂಜಿ ಇದ್ದ ಹಾಗೆ ಅವರಿಗೆ ಕ್ಯಾರಬ್ ಅನ್ನುವ ಮರದ ಬೀಜ. ಗ್ರೀಕ್ ಮಾತಿನಲ್ಲಿ ಅದು ಕೆರಾಟಿಯನ್. ಒಂದು ಸಾಲಿಡಸ್ ಅಂದರೆ 24 ಕೆರಾಟಿಯನ್ ತೂಕ. ನಾವು ಇವತ್ತು ಹೇಳುವ ಕ್ಯಾರೆಟ್ ಎಂಬ ಪದದ ಬೇರು ಇದೇ. ಅಪ್ಪಟ ಬಂಗಾರಕ್ಕೆ 24 ಅನ್ನುವ ಲೆಕ್ಕವನ್ನೂ ಈ ನಾಣ್ಯದ ಕಡೆಗೇ ಒಯ್ದು ತೋರಿಸುತ್ತಾರೆ. ಮೂವತ್ತು ವರ್ಷದಿಂದ ನಾನು ದಿನಕ್ಕೆ ಹತ್ತು ಹದಿನೈದು ಸಲ ಈ ಪದ ಬರೆಯುತ್ತಾ ಬಂದಿದ್ದೇನೆ. ಎಲ್ಲಿಂದ ಬಂತು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಓದಿದ ದಿನ ರಾತ್ರಿ ಎದ್ದು ಹೋಗಿ ಅಜ್ಜನ ಡಬ್ಬಿಯಲ್ಲಿದ್ದ ಗುಲಗಂಜಿ ತೆಗೆದು ನೋಡಿದೆ. ಕೆಂಪು ಮೈ, ಕರಿ ತಲೆ. ಇನ್ನೂ ಹೊಸದರಂತೆ ಹೊಳೆಯುತ್ತಿದ್ದವು.

ಅನಸ್ತಾಸಿಯಸ್‌ನ ಸಾಲಿಡಸ್‌ನ ಫೋಟೋ ನೋಡಿದರೆ ಮೊದಲು ಕಾಣುವುದು ಶಿರಸ್ತ್ರಾಣ ಹಾಕಿದ ಮುಖ. ಪೂರ್ತಿ ಎದುರಿಗೂ ಇಲ್ಲ, ಪೂರ್ತಿ ಪಕ್ಕಕ್ಕೂ ಇಲ್ಲ. ಸ್ವಲ್ಪ ವಾರೆ. ಬಲಗೈಯಲ್ಲಿ ಈಟಿ, ಅದು ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ತಲೆಯ ಇನ್ನೊಂದು ಬದಿಗೆ ಇಣುಕುತ್ತದೆ. ಎಡಗಡೆ ಗುರಾಣಿ. ಅಷ್ಟು ಚಿಕ್ಕ ಗುರಾಣಿಯ ಮೇಲೆ ಕುದುರೆ ಏರಿದ ಒಬ್ಬ ಸವಾರ ಶತ್ರುವನ್ನು ಇರಿಯುತ್ತಿದ್ದಾನೆ. ಅಚ್ಚು ಕೊರೆದವನ ಕೈಗೆ ನಾನು ನಮಸ್ಕಾರ ಮಾಡುತ್ತೇನೆ. ಆ ಸವಾರ ಜೋಳದ ಕಾಳಿಗಿಂತ ಚಿಕ್ಕವನು. ಸುತ್ತ "ಡಿಎನ್ ಅನಸ್ತಾಸಿಯಸ್ ಪಿಪಿ ಎವಿಜಿ" ಎಂಬ ಅಕ್ಷರಗಳು. ನಮ್ಮ ಒಡೆಯ ಅನಸ್ತಾಸಿಯಸ್, ಸದಾಕಾಲದ ಚಕ್ರವರ್ತಿ ಅಂತ ಅರ್ಥ. ಹಿಂದೆ ರೆಕ್ಕೆ ಇರುವ ವಿಜಯದೇವತೆ ಉದ್ದನೆಯ ಶಿಲುಬೆ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಒಂದು ನಕ್ಷತ್ರ.

ಅವಳ ಕಾಲ ಕೆಳಗೆ "ಕಾನೋಬ್" (CONOB) ಅಂತ ಐದು ಲ್ಯಾಟಿನ್ ಅಕ್ಷರ ಇವೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇವೇ. ಮೊದಲ ಮೂರು ಅಕ್ಷರ ಕಾನ್‌ಸ್ಟಾಂಟಿನೋಪಲ್ ಊರಿನದು. ಕೊನೆಯ ಎರಡು ಅಕ್ಷರ ಪುಟಕ್ಕೆ ಹಾಕಿದ ಬಂಗಾರ ಎಂಬ ಅರ್ಥದ ಪದದ್ದು. ಅದೇ ಎರಡು ಅಕ್ಷರವನ್ನು ಗ್ರೀಕ್ ಅಂಕಿಯಾಗಿ ಓದಿದರೆ 70 ಮತ್ತು 2. ಪೌಂಡಿಗೆ 72 ಅಂದೆನಲ್ಲ, ಅದೇ ಲೆಕ್ಕ. ಅಂದರೆ ಊರು, ಶುದ್ಧ, ತೂಕ, ಮೂರನ್ನೂ ಐದಕ್ಷರದಲ್ಲಿ ಕಟ್ಟಿದ್ದಾರೆ. ಇವತ್ತಿನ ಹಾಲ್‌ಮಾರ್ಕ್ ಮುದ್ರೆ ನೋಡುವಾಗಲೆಲ್ಲ ನನಗೆ ಈ ದೇವತೆಯ ಪಾದ ನೆನಪಾಗುತ್ತದೆ.

ಒಂದು ವಿಷಯ ಗಮನಿಸಬೇಕು. ಆ ಮುಖ ಅನಸ್ತಾಸಿಯಸ್‌ನ ಮುಖ ಅಲ್ಲ. ಅವನಿಗಿಂತ ನೂರು ವರ್ಷ ಮೊದಲಿನಿಂದಲೂ ನಾಣ್ಯದ ಮೇಲೆ ಹೆಚ್ಚುಕಡಿಮೆ ಅದೇ ಶಿರಸ್ತ್ರಾಣ, ಅದೇ ಈಟಿ, ಅದೇ ದುಂಡು ಮುಖ. ಹೆಸರು ಮಾತ್ರ ಬದಲಾಗುತ್ತದೆ. ನಿಜವಾದ ಅನಸ್ತಾಸಿಯಸ್‌ಗೆ ಒಂದು ಕಣ್ಣು ಕಪ್ಪು, ಇನ್ನೊಂದು ನೀಲಿ ಇತ್ತಂತೆ. ಅದಕ್ಕೇ ಜನ ಅವನನ್ನು ಡಿಕೋರಸ್ ಅಂತ ಕರೆದರು. ಎರಡು ಬಗೆಯ ಕಣ್ಣಿನವನು ಅಂತ. ಬಂಗಾರದಲ್ಲಿ ಅದನ್ನು ತೋರಿಸಲು ಎಲ್ಲಿ ಆಗುತ್ತದೆ?

ಅವನು ಹುಟ್ಟಿದ್ದು ಡಿರ್ಹಾಕಿಯಂನಲ್ಲಿ, ಈಗಿನ ಅಲ್ಬೇನಿಯಾದ ಕಡಲ ದಂಡೆಯಲ್ಲಿ. ರಾಜವಂಶದವನಲ್ಲ, ದಂಡಿನವನೂ ಅಲ್ಲ. ಅರಮನೆಯಲ್ಲಿ ಸೈಲೆಂಟಿಯರಿ ಎಂಬ ಹುದ್ದೆಯಲ್ಲಿದ್ದ. ಚಕ್ರವರ್ತಿಯ ಸಭೆಯಲ್ಲಿ ಶಿಸ್ತು, ಮೌನ ಕಾಯುವ ಕೆಲಸ. 491ರ ಏಪ್ರಿಲ್‌ನಲ್ಲಿ ಚಕ್ರವರ್ತಿ ಜೀನೋ ತೀರಿಕೊಂಡ. ಮುಂದೆ ಯಾರು ಎನ್ನುವುದನ್ನು ರಾಣಿ ಅರಿಯಾಡ್ನಿಯ ಕೈಗೆ ಬಿಟ್ಟರು. ಅವಳು ಈ ಅರವತ್ತು ವರ್ಷದ ಅಧಿಕಾರಿಯನ್ನು ಆರಿಸಿದಳು. ಮುಂದಿನ ತಿಂಗಳು ಅವನನ್ನೇ ಮದುವೆಯೂ ಆದಳು. ಪಟ್ಟ ಕಟ್ಟುವಾಗ ನೆರೆದ ಜನ "ನೀನು ಬದುಕಿದ ಹಾಗೇ ಆಳು" ಅಂತ ಕೂಗಿದರಂತೆ. ಅರವತ್ತರವರೆಗೆ ಒಬ್ಬ ಹೇಗೆ ಬದುಕಿದ್ದ ಅಂತ ಊರಿಗೆಲ್ಲ ಗೊತ್ತಿದ್ದರೆ ಮಾತ್ರ ಇಂಥ ಕೂಗು ಬರುತ್ತದೆ, ಅಲ್ವಾ?

ಅವನ ಯುದ್ಧಗಳ ಬಗ್ಗೆ ನಾನು ಬೇಗ ದಾಟಿ ಹೋಗುತ್ತೇನೆ. 502ರಿಂದ ಪರ್ಷಿಯಾದ ಜೊತೆ ಕಾದಾಡಿದ, ಗಡಿಯಲ್ಲಿ ದಾರಾ ಎಂಬ ಕೋಟೆ ಕಟ್ಟಿಸಿದ, ರಾಜಧಾನಿಯ ಪಶ್ಚಿಮಕ್ಕೆ ಕಡಲಿಂದ ಕಡಲಿಗೆ ಉದ್ದನೆಯ ಗೋಡೆ ಎಬ್ಬಿಸಿದ. ನನ್ನ ಮನಸ್ಸು ನಿಲ್ಲುವುದು 498ರಲ್ಲಿ. ಆ ಒಂದು ವರ್ಷದಲ್ಲಿ ಅವನು ಎರಡು ಕೆಲಸ ಮಾಡಿದ.

ಮೊದಲನೆಯದು ಕ್ರೈಸಾರ್ಗಿರಾನ್ ಎಂಬ ತೆರಿಗೆ ತೆಗೆದದ್ದು. ಹೆಸರಿನಲ್ಲೇ ಬಂಗಾರ, ಬೆಳ್ಳಿ ಇವೆ. ಕೈಕಸುಬಿನವರು, ಅಂಗಡಿಕಾರರು, ಮೈ ಮಾರಿ ಬದುಕುವ ಹೆಂಗಸರು, ಎಲ್ಲರೂ ಕಟ್ಟಬೇಕಿದ್ದ ತೆರಿಗೆ. ವರ್ಷ ವರ್ಷ ಕಟ್ಟುವುದಲ್ಲ. ನಾಲ್ಕು ವರ್ಷಕ್ಕೊಮ್ಮೆ ಒಟ್ಟಿಗೆ ಬಂದು ಮೈಮೇಲೆ ಬೀಳುತ್ತಿತ್ತು. ಎಡೆಸ್ಸಾ ಎಂಬ ಒಂದೇ ಊರು ಸಲಕ್ಕೆ 140 ಪೌಂಡ್ ಬಂಗಾರ ಕೊಡಬೇಕಿತ್ತು. ತೆರಿಗೆ ಹೋಯಿತೆಂಬ ಸುದ್ದಿ ಮುಟ್ಟಿದಾಗ ಎಡೆಸ್ಸಾದ ಜನ ಬಿಳಿ ಬಟ್ಟೆ ಉಟ್ಟು, ದೀಪ ಹಿಡಿದು, ಊರ ತುಂಬ ಮೆರವಣಿಗೆ ಮಾಡಿದರು. ರಾಜಧಾನಿಯಲ್ಲಿ ಆ ತೆರಿಗೆಯ ಕಡತಗಳನ್ನೇ ಸುಡಿಸಿದರು, ಮತ್ತೆ ಯಾರೂ ಅದನ್ನು ಎಬ್ಬಿಸಬಾರದು ಅಂತ. ಅಪ್ಪನಿಗೆ ಬೇಸಿಗೆ ಲಗ್ನದ ಸೀಸನ್ ಮುಗಿದರೆ ನಾಲ್ಕು ತಿಂಗಳು ಕೆಲಸವೇ ಇರುತ್ತಿರಲಿಲ್ಲ. ಅಂಥ ಆಷಾಢದಲ್ಲಿ ನಾಲ್ಕು ವರ್ಷದ ತೆರಿಗೆ ಕೇಳುವವನು ಬಾಗಿಲಿಗೆ ಬಂದಿದ್ದರೆ? ಎಡೆಸ್ಸಾದಲ್ಲೂ ಪತ್ತಾರರು ಇದ್ದೇ ಇದ್ದರು. ಆ ದೀಪಗಳಲ್ಲಿ ಒಂದು ಅವರ ಕೈಯಲ್ಲೂ ಇತ್ತು ಅಂತ ನಾನು ನಂಬುತ್ತೇನೆ.

ಎರಡನೆಯದು ಚಿಲ್ಲರೆ. ಅವನ ಕಾಲಕ್ಕೆ ಬಂಗಾರದ ನಾಣ್ಯ ಗಟ್ಟಿಯಾಗಿತ್ತು. ಆದರೆ ಬಡವರ ಕೈಯಲ್ಲಿ ಇದ್ದದ್ದು ನಮ್ಮಸ್ ಎಂಬ ತಾಮ್ರದ ಬಿಲ್ಲೆ. ಒಂದು ಗ್ರಾಂ ಕೂಡ ತೂಗದ ಚೂರು. ಮೇಲಿನ ಅಕ್ಷರ ಓದಲಾಗದು. ಒಂದು ಸಾಲಿಡಸ್‌ಗೆ ಅಂಥವು ಸಾವಿರಗಟ್ಟಲೆ ಬೇಕು. ಸಂತೆಗೆ ಹೋದವರು ಚೀಲ ತುಂಬಿ ಒಯ್ಯಬೇಕು, ಎಣಿಸುವಾಗ ಮೋಸ ಹೋಗಬೇಕು. ಅನಸ್ತಾಸಿಯಸ್‌ನ ಖಜಾನೆ ಅಧಿಕಾರಿ ಜಾನ್ ಎಂಬುವನು 498ರಲ್ಲಿ ದೊಡ್ಡ ತಾಮ್ರದ ನಾಣ್ಯ ಹೊಡೆಸಿದ. ಅದರ ಹಿಂದೆ ಎಂ ಅಕ್ಷರ, ನಾಣ್ಯ ತುಂಬ. ಗ್ರೀಕ್ ಲೆಕ್ಕದಲ್ಲಿ ಎಂ ಅಂದರೆ 40. ನಲವತ್ತು ಚೂರಿಗೆ ಒಂದು ನಾಣ್ಯ. ಕೆ ಅಂದರೆ 20, ಐ ಅಂದರೆ 10. ಓದು ಬಾರದವನೂ ಗುರುತಿನಿಂದ ಹಿಡಿಯಬಹುದು. ಮೊದಲು ಒಂಬತ್ತು ಗ್ರಾಂ ಆಸುಪಾಸು ಇದ್ದ ನಾಣ್ಯವನ್ನು 512ರಲ್ಲಿ ಎರಡರಷ್ಟು ತೂಕಕ್ಕೆ ಏರಿಸಿದರು. ಅನಸ್ತಾಸಿಯಸ್‌ನ ಈ ಕೆಲಸದಿಂದಲೇ ಬೈಜಾಂಟೈನ್, ಅಂದರೆ ಈ ಪೂರ್ವ ರೋಮನ್ ರಾಜ್ಯದ, ನಾಣ್ಯಗಳ ಚರಿತ್ರೆ ಶುರು ಮಾಡುವವರು ತುಂಬ ಜನ ಇದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ. ಬಂಗಾರ ಚೆನ್ನಾಗಿರುವಂತೆ ನೋಡಿಕೊಂಡ ರಾಜರು ಬಹಳ ಇದ್ದಾರೆ. ತರಕಾರಿ ಮಾರುವವಳ ಚಿಲ್ಲರೆ ಸರಿ ಮಾಡಬೇಕು ಅಂತ ಕೂತವರು ಕಡಿಮೆ.

ಅವನ ಕಾಲದಲ್ಲಿ ಗಲಾಟೆಯೂ ಆಯಿತು. ಕ್ರಿಸ್ತನ ಸ್ವರೂಪದ ಬಗ್ಗೆ ಅವನ ನಂಬಿಕೆ ರಾಜಧಾನಿಯ ಬಹಳ ಜನರಿಗೆ ಹಿಡಿಸಲಿಲ್ಲ. 512ರ ನವೆಂಬರ್‌ನಲ್ಲಿ ಪ್ರಾರ್ಥನೆಗೆ ಒಂದು ಸಾಲು ಸೇರಿಸಿದ್ದಕ್ಕೆ ಊರೇ ಹೊತ್ತಿ ಉರಿಯಿತು. ಆಗ ಅವನಿಗೆ ಎಂಬತ್ತು ದಾಟಿತ್ತು. ರಥದ ಪಂದ್ಯ ನಡೆಯುವ ಬಯಲಿಗೆ ಬಂದ. ತಲೆ ಮೇಲೆ ಕಿರೀಟ ಇರಲಿಲ್ಲ. ನಿಮಗೆ ಬೇಡವಾದರೆ ಪಟ್ಟ ಬಿಡುತ್ತೇನೆ ಅಂದ. ಸಿಟ್ಟಿನಿಂದ ಕೂಗುತ್ತಿದ್ದ ಅದೇ ಜನ ಕಿರೀಟ ಹಾಕಿಕೋ ಅಂತ ಬೇಡಿಕೊಂಡರು.

518ರ ಜುಲೈನಲ್ಲಿ ತೀರಿಕೊಂಡ. ಖಜಾನೆಯಲ್ಲಿ 3,20,000 ಪೌಂಡ್ ಬಂಗಾರ ಬಿಟ್ಟು ಹೋದ ಅಂತ ಆರನೇ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ನಾನು ಗುಣಿಸಿ ನೋಡಿದೆ. ಇವತ್ತಿನ ಲೆಕ್ಕಕ್ಕೆ ನೂರು ಟನ್ನಿಗೂ ಜಾಸ್ತಿ. ಸಾಲಿಡಸ್ ಲೆಕ್ಕದಲ್ಲಿ ಎರಡು ಕೋಟಿ ಮೂವತ್ತು ಲಕ್ಷ ನಾಣ್ಯ. ತೆರಿಗೆ ತೆಗೆದು, ಯುದ್ಧ ಮಾಡಿ, ಗೋಡೆ ಕಟ್ಟಿಸಿ, ಮೇಲೆ ಇಷ್ಟು ಉಳಿಸಿದ್ದ. ಹುಬ್ಬಳ್ಳಿಯ ಯಾವ ಅಡತಿ ಅಂಗಡಿಯ ಹಿರಿಯರಿಗೆ ಹೇಳಿದರೂ ಅವರು ಇವನಿಗೆ ಕೈಮುಗಿಯುತ್ತಾರೆ.

ಇನ್ನು ಈ ಬಂಗಾರ ನಮ್ಮ ಕಡೆ ಬಂದ ದಾರಿ.

ಆರನೇ ಶತಮಾನದಲ್ಲಿ ಕಾಸ್ಮಾಸ್ ಎಂಬ ಅಲೆಕ್ಸಾಂಡ್ರಿಯಾದ ವ್ಯಾಪಾರಿ ಇದ್ದ. ಆಮೇಲೆ ಸನ್ಯಾಸಿಯಾದ. ಮೆಣಸು ಬೆಳೆಯುವ ಮಲೆ ಎಂಬ ಸೀಮೆಯ ಬಂದರುಗಳ ಹೆಸರು ಬರೆದಿದ್ದಾನೆ. ಅದರಲ್ಲಿ ಮಂಗರೂಥ್ ಒಂದು. ಅದು ನಮ್ಮ ಮಂಗಳೂರು ಅಂತ ಹೆಚ್ಚಿನವರು ಒಪ್ಪುತ್ತಾರೆ. ಅವನು ಹೇಳುವ ಒಂದು ಕಥೆ ನನಗೆ ಬಾಯಿಪಾಠ ಆಗಿದೆ. ಸೋಪಟ್ರಸ್ ಎಂಬ ರೋಮನ್ ವ್ಯಾಪಾರಿ ಶ್ರೀಲಂಕಾಕ್ಕೆ ಹೋದ. ಅದೇ ಹೊತ್ತಿಗೆ ಒಬ್ಬ ಪರ್ಷಿಯನ್ನನೂ ಬಂದಿಳಿದ. ರಾಜ ಇಬ್ಬರನ್ನೂ ಕೂರಿಸಿ ಕೇಳಿದ: ನಿಮ್ಮಿಬ್ಬರ ದೊರೆಗಳಲ್ಲಿ ದೊಡ್ಡವನು ಯಾರು? ಪರ್ಷಿಯನ್ನ ಹಿಂದೆಮುಂದೆ ನೋಡದೆ ನಮ್ಮವನೇ ಅಂದ. ಸೋಪಟ್ರಸ್ ಸುಮ್ನೆ ಕೂತಿದ್ದ. ನೀನೇನು ಹೇಳುತ್ತೀ ಅಂದಾಗ, ಇಬ್ಬರೂ ದೊರೆಗಳು ಇಲ್ಲೇ ಇದ್ದಾರೆ, ನೀವೇ ನೋಡಿ ಅಂದ. ಎಲ್ಲಿ ಅಂದರೆ, ನಾಣ್ಯದ ಮೇಲೆ. ರಾಜ ಎರಡನ್ನೂ ತರಿಸಿದ. ಪರ್ಷಿಯಾದ್ದು ಬೆಳ್ಳಿ. ರೋಮ್‌ದು ಹೊಳೆಯುವ, ಅಂದವಾದ ಬಂಗಾರ. ತಿರುಗಿಸಿ ತಿರುಗಿಸಿ ನೋಡಿ ರಾಜ ತೀರ್ಪು ಕೊಟ್ಟ. ಸೋಪಟ್ರಸ್‌ನನ್ನು ಆನೆ ಮೇಲೆ ಕೂರಿಸಿ, ವಾದ್ಯ ಬಾರಿಸಿ, ಊರೆಲ್ಲ ಮೆರೆಸಿದರು.

ಈ ಕಥೆಯ ನಡುವೆ ಕಾಸ್ಮಾಸ್ ಸಣ್ಣದಾಗಿ ಒಂದು ಮಾತು ಸೇರಿಸುತ್ತಾನೆ. ಅಲ್ಲಿಗೆ ಒಯ್ಯಲು ಚೆಂದದ ನಾಣ್ಯಗಳನ್ನೇ ಆರಿಸುತ್ತಾರೆ ಅಂತ. ನನಗೆ ಇದು ಆನೆಗಿಂತ ದೊಡ್ಡ ಮಾತು. ಕೊಳ್ಳುವವರು ಪಳಗಿದ ಕಣ್ಣಿನವರು ಎನ್ನುವುದು ಮಾರುವವರಿಗೆ ಗೊತ್ತಿತ್ತು. ಇನ್ನೊಂದು ಲೆಕ್ಕ ಇದೆ. ಕಾಸ್ಮಾಸ್ ಬರೆದದ್ದು 550ರ ಆಸುಪಾಸಿನಲ್ಲಿ. ಸೋಪಟ್ರಸ್ ಸತ್ತು 35 ವರ್ಷ ಆಯಿತು ಅನ್ನುತ್ತಾನೆ. ಅಂದರೆ ಅವನು ಸತ್ತಾಗ ಪಟ್ಟದಲ್ಲಿ ಇದ್ದವನು ಅನಸ್ತಾಸಿಯಸ್. ಆ ದಿನ ಸಭೆಯಲ್ಲಿ ಕೈಯಿಂದ ಕೈಗೆ ಹೋದ ನಾಣ್ಯದ ಮೇಲೆ ಇವನ ಹೆಸರೇ ಇದ್ದಿರಬಹುದು.

ಅದೇ ವರ್ಷಗಳಲ್ಲಿ ಅಕ್ಕಿಆಲೂರಿನ ಸುತ್ತಲಿನ ನಾಡನ್ನು ಆಳುತ್ತಿದ್ದವರು ಬನವಾಸಿಯ ಕದಂಬರು. ರವಿವರ್ಮನ ಕಾಲ ಸುಮಾರು 485ರಿಂದ 519. ಅನಸ್ತಾಸಿಯಸ್ 491ರಿಂದ 518. ಎರಡು ಸಾಲನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಮೈ ಝುಂ ಅಂದಿತು. ಗುಡ್ನಾಪುರದ ಕೆರೆ ದಂಡೆಯ ಶಾಸನದ ರವಿವರ್ಮ, ಹಲಸಿಯ ತಾಮ್ರಪಟಗಳ ರವಿವರ್ಮ. ಅವನೂ ಇವನೂ ಒಂದೇ ಕಾಲದವರು. ಶಾಲೆಯಲ್ಲಿ ಕದಂಬರನ್ನು ಒಂದು ಪಾಠದಲ್ಲಿ ಓದಿದೆವು, ರೋಮನ್ನರನ್ನು ಇನ್ನೊಂದರಲ್ಲಿ. ಎರಡೂ ಪಾಠ ಹಾನಗಲ್ ತಾಲೂಕಿನ ಒಂದು ಹೊಲದಲ್ಲಿ ಸೇರಿದ್ದವು ಅಂತ ಯಾರೂ ಹೇಳಲಿಲ್ಲ.

ಈಗ ತೂತಿಗೆ ಬರುತ್ತೇನೆ.

ದಕ್ಷಿಣ ಭಾರತದಲ್ಲಿ ಸಿಕ್ಕ ಈ ಕಾಲದ ರೋಮನ್ ಬಂಗಾರದ ನಾಣ್ಯಗಳಲ್ಲಿ ಹಲವಕ್ಕೆ ಎರಡು ತೂತು ಇವೆ. ಅಕ್ಕಪಕ್ಕ, ಚಕ್ರವರ್ತಿಯ ತಲೆಯ ಮೇಲೆ ಸರಿಯಾಗಿ. ನಾಣ್ಯ ಸಂಗ್ರಹಿಸುವವರ ಮಾತಿನಲ್ಲಿ ತೂತು ಬಿದ್ದ ನಾಣ್ಯ ಅಂದರೆ ಕೆಟ್ಟ ನಾಣ್ಯ. ಹರಾಜಿನಲ್ಲಿ ಬೆಲೆ ಇಳಿಯುತ್ತದೆ. ಕೆಲವರು ತೂತು ಮುಚ್ಚಿಸಿ ಮಾರುತ್ತಾರೆ. ಅದನ್ನು ಓದಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಕಾನ್‌ಸ್ಟಾಂಟಿನೋಪಲ್‌ನ ಟಂಕಸಾಲೆಯಲ್ಲಿ ಅಚ್ಚು ಹೊಡೆದವನ ಕೆಲಸ ಚರಿತ್ರೆ. ಇಲ್ಲಿ ಕೂತು ತೂತು ಹಾಕಿದವನ ಕೆಲಸ ಹಾಳು ಮಾಡಿದ್ದು. ಇದು ಯಾವ ನ್ಯಾಯ?

ನಾನು ಪತ್ತಾರನ ಕಣ್ಣಿನಿಂದ ಹೇಳುತ್ತೇನೆ. ಒಂದು ತೂತು ಹಾಕಿ ದಾರಕ್ಕೆ ಕಟ್ಟಿದರೆ ಬಿಲ್ಲೆ ತಿರುಗುತ್ತದೆ. ನಡೆಯುವಾಗ ಒಮ್ಮೆ ಮುಖ, ಒಮ್ಮೆ ಬೆನ್ನು. ಎರಡು ತೂತು ಹಾಕಿ ದಾರ ಅಡ್ಡ ಹಾಯಿಸಿದರೆ ಅದು ಎದೆಗೆ ಅಂಟಿ ಕೂರುತ್ತದೆ, ಸದಾ ಮುಂದೆ ನೋಡುತ್ತದೆ. "ಒಂದ ತೂತಿಗೆ ತಿರಗತೈತಿ, ಎರಡಕ್ಕ ಕುಂಡರತೈತಿ" ಅಂತ ಅಪ್ಪ ಹೇಳುತ್ತಿದ್ದ ಮಾತು ಇದೇ. ತೂತು ತಲೆಯ ಮೇಲೇ ಬರಬೇಕಾದರೆ ಮೊದಲು ಯಾವುದು ಮುಖ, ಯಾವುದು ಬೆನ್ನು, ಯಾವ ಕಡೆ ಮೇಲೆ ಅಂತ ನೋಡಿ ತೀರ್ಮಾನ ಮಾಡಬೇಕು. ಹಿಂದಿನ ದೇವತೆ ಬೇಡ, ಈ ಮುಖ ಬೇಕು, ಅದೂ ನೆಟ್ಟಗೆ ಇರಬೇಕು ಅಂತ ಯಾರೋ ಯೋಚಿಸಿದ್ದಾರೆ. ಮೊಳೆಯಿಂದ ಚುಚ್ಚಿದರೆ ಬಂಗಾರ ಸರಿದು ಅಂಚಿಗೆ ಏಳುತ್ತದೆ, ತೂಕ ಹೋಗುವುದಿಲ್ಲ. ಕೊರೆದರೆ ಪುಡಿ ಉದುರುತ್ತದೆ. ಅಷ್ಟು ಮೆತ್ತನೆಯ ಬಂಗಾರಕ್ಕೆ ಏಟು ಜೋರಾದರೆ ಬಿಲ್ಲೆಯೇ ಬಾಗಿಬಿಡುತ್ತದೆ. ಕೆಳಗೆ ಅರಗಿನ ಹಲಗೆ ಇಟ್ಟು, ಉಸಿರು ಹಿಡಿದು, ಒಂದೇ ಏಟು. ನಾನು ಹತ್ತು ಹನ್ನೆರಡು ವರ್ಷದವನಿದ್ದಾಗ ಅಪ್ಪ ಹಿತ್ತಾಳೆ ಬಿಲ್ಲೆಯ ಮೇಲೆ ನನಗೆ ಇದನ್ನು ಕಲಿಸಿದ್ದರು. ಎರಡನೇ ತೂತು ಮೊದಲನೆಯದರ ಸಮಕ್ಕೆ ಬರಲು ನನಗೆ ಒಂದು ಮಳೆಗಾಲ ಬೇಕಾಯಿತು.

ಇಂಥ ನಾಣ್ಯಗಳ ನಕಲುಗಳೂ ಭಾರತದಲ್ಲಿ ಸಿಕ್ಕಿವೆ. ಅವುಗಳ ಮೇಲೆ ಲ್ಯಾಟಿನ್ ಅಕ್ಷರ ಅಕ್ಷರವಾಗಿ ಉಳಿದಿಲ್ಲ. ಗೀಟು, ಚುಕ್ಕೆ, ಬಳೆ. ಕಳ್ಳನಾಣ್ಯ ಅಂತ ಸುಮ್ಮನಾಗಿಬಿಡಬಹುದು. ಆದರೆ ಇದು ನನಗೆ ಗೊತ್ತಿರುವ ಸಂಗತಿ. ಪುತಳಿ ಅಂದರೂ ಮೂಲದಲ್ಲಿ ಪರದೇಶದ ನಾಣ್ಯವೇ. ವೆನಿಸ್ ಪಟ್ಟಣದ ಡಕಟ್. 1284ರಲ್ಲಿ ಶುರುವಾದದ್ದು, ಮೂರೂವರೆ ಗ್ರಾಂ. ಒಂದು ಕಡೆ ಸಂತ ಮಾರ್ಕನ ಮುಂದೆ ಊರ ಒಡೆಯ ಮಂಡಿಯೂರಿದ್ದಾನೆ, ಇನ್ನೊಂದು ಕಡೆ ನಕ್ಷತ್ರಗಳ ನಡುವೆ ಕ್ರಿಸ್ತ. ಅದು ಇಲ್ಲಿಗೆ ಬಂದು ಹೆಂಗಸರ ಕೊರಳು ಸೇರಿತು. ಮೂಲ ನಾಣ್ಯ ಸಾಲದೆ ಹೋದಾಗ ನಮ್ಮ ಪತ್ತಾರರೇ ಅಚ್ಚು ಮಾಡಿಕೊಂಡರು. ಅಪ್ಪನ ಬಳಿಯೂ ಅಂಥ ಒಂದು ಹಳೆಯ ಅಚ್ಚು ಇತ್ತು. ಅದರ ಮೇಲಿನ ಅಕ್ಷರಗಳು ಬರೀ ಕಡ್ಡಿಗಳು. ಸಂತನೂ ಒಡೆಯನೂ ನಮ್ಮ ಮನೆಯಲ್ಲಿ ರಾಮ ಸೀತಾ ಆಗಿದ್ದರು. ಯಾರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ಸರಕ್ಕೆ ಇನ್ನೆರಡು ಪುತಳಿ ಬೇಕಿತ್ತು, ಅಷ್ಟೇ. ಅನಸ್ತಾಸಿಯಸ್‌ನ ಹೆಸರನ್ನು ಗೀಟು ಮಾಡಿದವನೂ ಹೀಗೇ ಯಾರದೋ ಸರ ತುಂಬಿಸುತ್ತಿದ್ದ ಅಂತ ನನಗೆ ಅನಿಸುತ್ತದೆ.

ನಮ್ಮ ಅಜ್ಜಿಯದೂ ಒಂದು ಪುತಳಿ ಸರ ಇತ್ತು. ಇಪ್ಪತ್ತೊಂದು ಪುತಳಿ. 1986ರಲ್ಲಿ ಅಕ್ಕನ ಲಗ್ನ ಗೊತ್ತಾದಾಗ ಅದನ್ನು ಕರಗಿಸಿ ನಾಲ್ಕು ಬಳೆ, ಒಂದು ಚೈನು ಮಾಡಿದರು. ಅಗ್ಗಿಷ್ಟಿಕೆಗೆ ಗಾಳಿ ಹಾಕಿದವನು ನಾನೇ. ಅಪ್ಪ ಒಂದೊಂದೇ ಪುತಳಿ ಮೂಸೆಗೆ ಹಾಕಿದರು. ಮೊದಲು ಅಂಚು ಕೆಂಪಾಯಿತು, ಆಮೇಲೆ ಮೂರ್ತಿಗಳು ಮಸುಕಾದವು, ಆಮೇಲೆ ಎಲ್ಲ ಸೇರಿ ಒಂದು ಹನಿ. ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ. ನನಗೆ ಅವತ್ತು ಗಾಳಿ ಒಂದೇ ಸಮ ಬರುತ್ತಿದೆಯೋ ಇಲ್ಲವೋ ಅನ್ನುವುದೇ ಚಿಂತೆ. ಆ ಇಪ್ಪತ್ತೊಂದರಲ್ಲಿ ಎಷ್ಟು ವೆನಿಸ್‌ನವು, ಎಷ್ಟು ನಮ್ಮ ಓಣಿಯವು, ಎಷ್ಟಕ್ಕೆ ತೂತು, ಎಷ್ಟಕ್ಕೆ ಕೊಂಡಿ, ಒಂದನ್ನೂ ನೋಡಿಟ್ಟುಕೊಳ್ಳಲಿಲ್ಲ. ಈಗ ನೋಡಬೇಕು ಅನಿಸಿದರೆ ಅಕ್ಕನ ಬಳೆ ಇದೆ.

ಅಕ್ಕಿಆಲೂರಿನ ನಾಣ್ಯಗಳು ಯಾರದೋ ನೆಲದಲ್ಲಿ ಹೂತು ಕೂತದ್ದಕ್ಕೇ ಉಳಿದವು. ಹೂತಿಟ್ಟವರು ಮತ್ತೆ ಬಂದು ತೆಗೆಯಲಿಲ್ಲ. ಅವರಿಗೆ ಏನಾಯಿತೋ ಅಂತ ನೆನೆದಾಗ ಸಂಕಟ ಆಗುತ್ತದೆ. ತೆಗೆದಿದ್ದರೆ ಯಾವುದೋ ಲಗ್ನಕ್ಕೆ ಅವೂ ಮೂಸೆಗೆ ಬೀಳುತ್ತಿದ್ದವು.

ದೀಪಾವಳಿ ಆದ ಮೇಲೆ ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಅಕ್ಕಿಆಲೂರಿಗೆ ಹೋದೆ. ಹಾನಗಲ್ಲಿನಲ್ಲಿ ಇಳಿದು ತಾರಕೇಶ್ವರ ಗುಡಿ ನೋಡಿದೆವು. ಆ ಕಮಲದ ಛಾವಣಿಯ ಕೆಳಗೆ ಅಕ್ಕ ಕುತ್ತಿಗೆ ನೋಯುವವರೆಗೆ ನಿಂತಳು. ಆಮೇಲೆ ಇನ್ನೊಂದು ಬಸ್ಸು. ಊರ ಹೊರಗೆ ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ಫೋನಿನಲ್ಲಿ ನಾಣ್ಯದ ಫೋಟೋ ತೆಗೆದು ಅವಳಿಗೆ ತೋರಿಸಿದೆ. ದೊಡ್ಡದು ಮಾಡಿ ನೋಡಿದಳು. ಈಟಿ ನೋಡಲಿಲ್ಲ, ಸವಾರನನ್ನು ನೋಡಲಿಲ್ಲ. "ಅಜ್ಜಿ ಸರದಾಗೂ ಹಿಂಗ ಎರಡು ತೂತಿನವು ಇದ್ದುವು" ಅಂದಳು. "ನಿಂಗ ಹೆಂಗ ಗೊತ್ತು?" ಅಂದೆ. "ನಾ ದಿನಾ ಅದನ್ನ ಹಿಡಕೊಂಡ ಮಲಗತಿದ್ನಲ್ಲ. ಬೆರಳಿಗೆ ಹತ್ತತಿದ್ದುವು" ಅಂದಳು. ಎಷ್ಟಿದ್ದವು ಅಂತ ಕೇಳಿದೆ. ಕಣ್ಣು ಮುಚ್ಚಿ, ಬೆರಳು ಆಡಿಸಿ, ಐದು ಅಂದಳು.

ಆ ಹಾನಗಲ್ ಕಡೆಯ ಅಜ್ಜಿ ಈ ಯುಗಾದಿಗೆ ನಾಲ್ಕು ದಿನ ಮುಂಚೆ ಬಂದು ಸಾಲ ತೀರಿಸಿದರು. ಮೊಮ್ಮಗನೂ ಜೊತೆಗಿದ್ದ. ಚೀಲ ಒಡೆದು ಸರ ತೆಗೆದು ಅವರ ಮುಂದೆಯೇ ಮತ್ತೆ ತೂಗಿದೆ. ತೂಕ ಸರಿಯಿತ್ತು. ಆದರೆ ಕೊಂಡಿ ಹಾಕಿದ ಪುತಳಿಗಳಲ್ಲಿ ಒಂದರ ಕೊಂಡಿ ಬಾಗಿ, ಅದು ಬೆನ್ನು ತೋರಿಸುತ್ತಿತ್ತು. ತೂತಿನ ಮೂರೂ ನೆಟ್ಟಗೆ ಕೂತಿದ್ದವು. ಜೇಬಿನಿಂದ ಸಣ್ಣ ಇಕ್ಕಳ ತೆಗೆದು ಆ ಕೊಂಡಿ ಸರಿ ಮಾಡಿದೆ. ಅಜ್ಜಿ ಅಲ್ಲೇ ಕೌಂಟರ್ ಮುಂದೆ ನಿಂತು ಸರ ಹಾಕಿಕೊಂಡರು, ಸೆರಗು ಸರಿ ಮಾಡಿಕೊಂಡರು. ಹದಿನೇಳೂ ಮುಂದೆ ನೋಡುತ್ತಿದ್ದವು.